ಗಿಟಾರಿಗೆ ಬಡಿಗನ ಕಣ್ಣು

ಕಳೆದ ವರ್ಷ ಯುಗಾದಿಗೆ ನಾಲ್ಕು ದಿನ ಮುಂಚಿತವಾಗಿ ನಾನು ಸಿರಸಂಗಿಗೆ ಹೋದಾಗ, ನಮ್ಮ ಮನೆಯ ಅಟ್ಟದ ಮೇಲೆ ಎರಡು ವಾದ್ಯಗಳು ಒಂದರ ಮಗ್ಗುಲಿಗೆ ಒಂದು ಮಲಗಿದ್ದುವು. ಒಂದು, ಸುಮಾರು ಐವತ್ತು ವರ್ಷಗಳ ಹಿಂದೆ ನಮ್ಮ ತಂದೆಯವರು ನನಗಾಗಿ ಮಿರಜದಿಂದ ತಂದಿದ್ದ ಸಿತಾರು. ಇನ್ನೊಂದು, ಅದಕ್ಕೆ ಐದು ತಿಂಗಳ ಹಿಂದಿನ ದೀಪಾವಳಿಗೆ ನಾನೇ ತಮ್ಮನ ಮಗಳಿಗೆ ಕೊಡಿಸಿದ್ದ ಗಿಟಾರು. ವಯಸ್ಸಿನಲ್ಲಿ ಅಷ್ಟು ಅಂತರವಿದ್ದರೂ ಧೂಳು ಮಾತ್ರ ಎರಡಕ್ಕೂ ಸಮನಾಗಿ ಹತ್ತಿತ್ತು.

ಈ ಅಂಕಣದ ಓದುಗರಲ್ಲಿ ಅನೇಕ ತಾಯಿತಂದೆಯರು, “ಮಗ ಗಿಟಾರು ಬೇಕೆಂದು ಹಟ ಹಿಡಿದಿದ್ದಾನೆ, ಕೊಡಿಸೋಣವೇ? ಕೊಡಿಸಿದರೆ ಎಂಥದ್ದು? ನಾಲ್ಕು ದಿನ ಬಾರಿಸಿ ಮೂಲೆಗೆ ಎಸೆದರೆ?” ಎಂದು ಕೇಳುವುದುಂಟು. ನಾನು ಸಂಗೀತಗಾರನಲ್ಲ; ಒಂದು ವಾದ್ಯವನ್ನು ಚಿಕ್ಕಂದಿನಲ್ಲಿ ಕೈಬಿಟ್ಟವನು, ಇನ್ನೊಂದನ್ನು ಮುಪ್ಪಿನಲ್ಲಿ ತಪ್ಪಾಗಿ ಕೊಂಡವನು. ಆದರೆ ತಪ್ಪಾಗಿ ಕೊಂಡವನ ಮಾತಿನಲ್ಲಿಯೂ ಕೊಳ್ಳುವವರಿಗೆ ಉಪಯೋಗವಾಗುವ ಅಂಶ ಇರಬಹುದೆಂದು ಈ ವಾರ ಆ ಕಥೆಯನ್ನೇ ಹೇಳುತ್ತೇನೆ.

ತಮ್ಮನ ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಮೊಬೈಲಿನಲ್ಲಿ ಯಾರೋ ಗಿಟಾರು ನುಡಿಸುವುದನ್ನು ನೋಡಿ ನೋಡಿ ಅವಳಿಗೆ ಹುಚ್ಚು ಹತ್ತಿತ್ತು. “ದೊಡ್ಡಪ್ಪಾ, ಅಪ್ಪಗ ನೀವಽ ಒಂದ ಮಾತ ಹೇಳ್ರಿ” ಎಂದು ನನಗೆ ವಕೀಲಿ ವಹಿಸಿದಳು. ತಮ್ಮನಿಗೆ ಮುಂದಿನ ವರ್ಷದ ಹತ್ತನೆಯ ತರಗತಿಯ ಚಿಂತೆ. ನಮ್ಮ ಅವ್ವನಿಗೆ, ಎಂಬತ್ತು ದಾಟಿದ ಆ ಹಿರಿಯ ಜೀವಕ್ಕೆ, “ಹೆಣ್ಣುಹುಡಿಗಿ ತೊಡಿಮ್ಯಾಲೆ ಆ ಡಬ್ಬಿ ಯಾಕವಾ” ಎಂಬ ಸಂಕೋಚ. ವಾದವಿವಾದ ನನಗೆ ಬೇಡವೆನಿಸಿ, ನಾನಿರುವ ಊರಿನ ಒಂದು ಅಂಗಡಿಗೆ ಹೋಗಿ, ಎಲ್ಲಕ್ಕಿಂತ ಹೆಚ್ಚು ಥಳಥಳಿಸುತ್ತಿದ್ದ ಕಪ್ಪು ಗಿಟಾರೊಂದನ್ನು ಎರಡು ಸಾವಿರದ ಚಿಲ್ಲರೆಗೆ ಕೊಂಡು, ಬಣ್ಣದ ಚೀಲದಲ್ಲಿ ಹಾಕಿಸಿಕೊಂಡು ಬಂದೆ. ಅಂಗಡಿಯಲ್ಲಿ ನಾನು ಪರೀಕ್ಷಿಸಿದ್ದು ಬಣ್ಣವನ್ನು ಮಾತ್ರ.

ಹುಡುಗಿ ಎರಡು ವಾರ ಜೀವ ತೇಯ್ದಳು. ಬೆರಳ ತುದಿಗಳು ಕೆಂಪಾಗಿ, ಆಮೇಲೆ ಸುಲಿದು ರಕ್ತ ಜಿನುಗಿತು. “ದೊಡ್ಡಪ್ಪಾ, ತಂತಿ ಬಿಟ್ಟು ಬಾರಿಸಿದರ ಸರಿ ಬರತೈತ್ರಿ, ಒತ್ತಿ ಬಾರಿಸಿದರ ಸ್ವರ ಬ್ಯಾರೆನಽ ಕೇಳತೈತಿ” ಎಂದು ಫೋನಿನಲ್ಲಿ ಹೇಳಿದಳು. ನಾನು ಹಿರಿಯರೆಲ್ಲರೂ ಹೇಳುವ ಮಾತನ್ನೇ ಹೇಳಿದೆ: “ಇನ್ನೂ ಅಭ್ಯಾಸ ಸಾಲದು, ಮಾಡುತ್ತಿರು.” ಮೂರನೆಯ ವಾರ ಗಿಟಾರು ಗೋಡೆಗೆ ಒರಗಿತು, ಒಂದು ತಿಂಗಳಿಗೆ ಅಟ್ಟ ಹತ್ತಿತು. “ಆಕಿಗೆ ಆ ಕೈ ಇಲ್ಲ” ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಅವಳು ಎದುರುತ್ತರ ಕೊಡಲಿಲ್ಲ. ಗಿಟಾರಿನ ಮಾತನ್ನು ಮತ್ತೆ ಎತ್ತಲೂ ಇಲ್ಲ. ಆ ಮೌನವೇ ಯುಗಾದಿಯ ದಿನಗಳಲ್ಲಿ ನನ್ನನ್ನು ಕಾಡಿತು. ಏಕೆಂದರೆ ಅದೇ ಪಡಸಾಲೆಯಲ್ಲಿ ಅದೇ ತೀರ್ಮಾನವನ್ನು ನನ್ನ ವಿಷಯದಲ್ಲಿಯೂ ಮಾಡಿದ್ದರು.

ಸಿರಸಂಗಿಯನ್ನು ಅರಿಯದ ಓದುಗರಿಗೆ ಒಂದು ಮಾತು. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಈ ಊರು ಎರಡು ಕಾರಣಗಳಿಂದ ನಾಡಿನಲ್ಲಿ ಹೆಸರಾಗಿದೆ. ಒಂದು, ತಮ್ಮ ಆಸ್ತಿಯನ್ನೆಲ್ಲ ಬಡ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು ೧೯೦೬ರಲ್ಲಿ ತೀರಿಕೊಂಡ ತ್ಯಾಗವೀರ ಲಿಂಗರಾಜ ದೇಸಾಯಿಯವರ ವಾಡೆ. ಇನ್ನೊಂದು, ಕಾಳಮ್ಮನ ಗುಡಿ. ಈ ತಾಯಿ ವಿಶ್ವಕರ್ಮರ ಆರಾಧ್ಯದೇವತೆ. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ ಎಂಬ ಐದು ಕಸುಬಿನವರು ಯುಗಾದಿಯ ಹೊತ್ತಿಗೆ ದೂರದೂರದಿಂದ ಇಲ್ಲಿಗೆ ಬರುತ್ತಾರೆ. ಉಳಿ, ಬಾಚಿ, ಸುತ್ತಿಗೆ ಹಿಡಿದ ಕೈಗಳು ಜೋಡಿಸಿ ನಿಲ್ಲುವ ಗುಡಿ ಇದು.

ನನ್ನೊಡನೆ ಕನ್ನಡ ಸಾಲೆಯಲ್ಲಿ ಓದಿದ ಗೆಳೆಯನೊಬ್ಬ ಇಲ್ಲಿ ಬಡಿಗತನ ಮಾಡಿಕೊಂಡಿದ್ದಾನೆ. ಜಾತ್ರೆಯ ಮುನ್ನಾದಿನ ಚಹಕ್ಕೆಂದು ಮನೆಗೆ ಬಂದಿದ್ದ. ಅಟ್ಟದಿಂದ ಹಬ್ಬದ ಪಾತ್ರೆಗಳನ್ನು ಇಳಿಸುತ್ತಿದ್ದಾಗ ಗಿಟಾರೂ ಕೆಳಗೆ ಬಂತು. ಅವನು ಬಟ್ಟಲು ಕೆಳಗಿಟ್ಟು, ಅದನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ಕುದುರೆಯ ಕಡೆಗೆ ನೋಡಿದ. ತೊಲೆಯ ನೆಟ್ಟಗೆ ನೋಡುವಾಗ ಬಡಿಗರು ನೋಡುವ ರೀತಿಯಲ್ಲಿಯೇ. ಆಮೇಲೆ ಜೇಬಿನಿಂದ ಉಕ್ಕಿನ ಪಟ್ಟಿಯನ್ನು ತೆಗೆದು ನಡುವೆ ತಂತಿಯ ಕೆಳಗೆ ಹಿಡಿದ.

“ಲೇ, ಇದನ್ನ ಯಾರು ತಂದಾರೋ?”

“ನಾನೇ.”

“ಹಲಗಿ ಆರೂ ಮೊದಲಽ ಜೋಡಿಸ್ಯಾರ. ಕತ್ತು ಬಾಗೇತಿ. ತಂತಿ ಐದು ಮಿಲಿಮೀಟರ್ ಮ್ಯಾಲೆ ನಿಂತೈತಿ. ಇದನ್ನ ಒತ್ತಾಕ ನನ್ನ ಕೈನಽ ಸೋಲತಾವು. ಆ ಕೂಸಿಗೆ ಯಾಕ ಬೈದ್ರಿ?”

ಒಳಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದ ಹುಡುಗಿ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖವನ್ನು ನಾನು ನೋಡಲಾರದೆ ಹೋದೆ.

ಗೆಳೆಯನ ಮಾತಿನ ಹಿಂದಿನ ತತ್ತ್ವವನ್ನು ಆಮೇಲೆ ಓದಿ ತಿಳಿದುಕೊಂಡೆ. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವೆಲ್ಲ ಸೇರಿ ಗಿಟಾರಿನ ಕತ್ತನ್ನು ಸುಮಾರು ೭೦ ಕಿಲೋಗ್ರಾಮಿನಷ್ಟು ಬಲದಿಂದ ಎಳೆಯುತ್ತವೆ. ಒಬ್ಬ ದೊಡ್ಡ ಮನುಷ್ಯನು ಹಗಲಿರುಳು ಜೋತುಬಿದ್ದಂತೆ! ಚೆನ್ನಾಗಿ ಆರಿದ ಗಟ್ಟಿ ಮರವೂ, ಕತ್ತಿನೊಳಗೆ ಕೂರಿಸಿದ ಉಕ್ಕಿನ ಸರಳೂ ಇದ್ದರೆ ಅದು ತಡೆಯುತ್ತದೆ, ಇಲ್ಲದಿದ್ದರೆ ಬಾಗುತ್ತದೆ. ಬಾಗಿದರೆ ತಂತಿ ಮೆಟ್ಟಿಲುಗಳಿಂದ ಮೇಲೇಳುತ್ತದೆ. ಮೇಲೆದ್ದ ತಂತಿಯನ್ನು ಕೆಳಗೊತ್ತುವಾಗ ಅದು ಇನ್ನಷ್ಟು ಬಿಗಿದು ಸ್ವರ ಏರುತ್ತದೆ. ಆದುದರಿಂದ ಬಿಟ್ಟ ತಂತಿ ಶ್ರುತಿಯಲ್ಲಿದ್ದರೂ ಒತ್ತಿದ ತಂತಿ ಅಪಸ್ವರ. ಹುಡುಗಿ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವಳ ಕಿವಿ ಸರಿಯಾಗಿತ್ತು. ಆ ಕಿವಿಗೆ ನಾನು ಬುದ್ಧಿ ಹೇಳಿದ್ದೆ.

ಗಿಟಾರು ನಮಗೆ ಪರದೇಶದ್ದೆಂದು ತೋರಬಹುದು. ಆದರೆ ಅದರ ಚರಿತ್ರೆಯನ್ನು ನೋಡಿದರೆ ಕಾಳಮ್ಮನ ಮಕ್ಕಳಿಗೆ ಅದು ದೂರದ ನೆಂಟನೆಂದೇ ಹೇಳಬೇಕು. ಇಂದಿನ ಗಿಟಾರಿನ ಆಕಾರವನ್ನು ಸ್ಥಿರಗೊಳಿಸಿದ ಸ್ಪೇನ್ ದೇಶದ ಆಂಟೋನಿಯೋ ದ ಟೊರೆಸ್ (೧೮೧೭–೧೮೯೨) ಬಾಲ್ಯದಲ್ಲಿ ಬಡಗಿಯ ಕೈಕೆಳಗೆ ಕೆಲಸ ಕಲಿತವನು. ಅಮೆರಿಕದ ಹೆಸರಾಂತ ಮಾರ್ಟಿನ್ ಗಿಟಾರಿನ ಮೂಲಪುರುಷನು ಜರ್ಮನಿಯ ಪೀಠೋಪಕರಣ ಮಾಡುವ ಬಡಗಿಗಳ ಮನೆತನದವನು. “ಗಿಟಾರು ಮಾಡುವ ಹಕ್ಕು ನಮ್ಮದು, ಬಡಗಿಗಳದ್ದಲ್ಲ” ಎಂದು ಅಲ್ಲಿಯ ಪಿಟೀಲು ತಯಾರಕರ ಸಂಘದವರು ತಕರಾರು ತೆಗೆದಿದ್ದರು. ಆ ಕಿರುಕುಳದ ನಡುವೆ ೧೮೩೩ರಲ್ಲಿ ಆತ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದ. ಇನ್ನು ಮರದ ಮಾತು. ಪಶ್ಚಿಮಘಟ್ಟದ ಬೀಟೆಯನ್ನು ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಪ್ರಪಂಚದ ಶ್ರೇಷ್ಠ ತಯಾರಕರು ಬಳಸುತ್ತಾರೆ. ಬ್ರೆಜಿಲಿನ ಬೀಟೆ ದುರ್ಲಭವಾದ ಮೇಲಂತೂ ನಮ್ಮ ಮರಕ್ಕೆ ಇನ್ನಷ್ಟು ಬೆಲೆ ಬಂತು. ನಮ್ಮ ಮಲೆನಾಡಿನ ಮರ, ಬಡಗಿಯ ಕೈ: ಇವೆರಡೂ ಸೇರಿದ ವಸ್ತುವನ್ನು “ಡಬ್ಬಿ” ಎಂದು ಅವ್ವ ಕರೆದದ್ದು ತುಸು ಅನ್ಯಾಯವೇ!

ತಂತಿಯ ನಾದವೂ ನಮ್ಮ ಸೀಮೆಗೆ ಹೊಸದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಚೌಡಿಕೆ ಒಂದೇ ತಂತಿಯಲ್ಲಿ ಮಾತಾಡುತ್ತದೆ. ತತ್ತ್ವಪದ ಹಾಡುವವರ ಏಕತಾರಿ ಊರೂರಿನ ಮಠದಲ್ಲಿದೆ. ಕುಮಾರ ಗಂಧರ್ವರು ೧೯೨೪ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಸುಳೇಭಾವಿಯಲ್ಲಿ. ಬಂದೆ ಅಲಿ ಖಾನರ ಶಿಷ್ಯರಾದ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿ ಸಿತಾರಿನ ಒಂದು ಪರಂಪರೆಯನ್ನೇ ಕಟ್ಟಿದರು. ಅವರ ಮೊಮ್ಮಗ ಬಾಳೇ ಖಾನರ ಕಾಲದವರೆಗೆ ಅದು ಬೆಳಗಿತು, ಇಂದಿಗೂ ನಡೆದಿದೆ. ಆ ಹೆಸರನ್ನು ಕೇಳಿಯೇ ನಮ್ಮ ತಂದೆಯವರು ನನಗೆ ಸಿತಾರು ತಂದದ್ದು.

ಗಿಟಾರನ್ನು ಬದಿಗಿಟ್ಟ ಗೆಳೆಯ ಸಿತಾರನ್ನು ಕೈಗೆತ್ತಿಕೊಂಡ. ಮಿರಜದ ಸಿತಾರು ಎಂದರೆ ಸಾಮಾನ್ಯವಲ್ಲ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭಿಸಿದ ಕಸುಬು ಅದು. ಅಲ್ಲಿಯ ಸಿತಾರು, ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಅವನು ಆ ಕೆಲಸವನ್ನು ಬೆರಳಿನಿಂದ ಸವರಿ ಮೆಚ್ಚಿದ. ಆಮೇಲೆ ಕುದುರೆಯ ಮೇಲ್ಮೈಯನ್ನು ತೋರಿಸಿ, “ನೋಡು, ತಂತಿ ಉಜ್ಜಿ ಗೀರು ಬಿದ್ದಾವು. ಜವಾರಿ ತಗಸಾಕ ಯಾರೂ ಒಯ್ದಿಲ್ಲ. ಮತ್ತ ಇದನ್ನ ಬಿಸಲ ಗ್ವಾಡಿಗೆ ತೂಗಹಾಕಿದ್ರೇನು?” ಎಂದ.

ಹೌದು, ಪಡುವಣ ಗೋಡೆಗೆ ತೂಗುಹಾಕುತ್ತಿದ್ದೆವು. ಬಿಸಿಲು ಕಿಟಕಿಯಿಂದ ನೇರವಾಗಿ ಬೀಳುತ್ತಿತ್ತು. ನಾಲ್ಕೈದು ತಿಂಗಳಲ್ಲಿ ಅದರ ನಾದ ಮುಚ್ಚಿಹೋಯಿತು. ಮಾಡಿದವರ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ನೋಡಿಕೊಳ್ಳಲು ಬಾರದ ನಮ್ಮದು. ನಾದ ಸತ್ತ ವಾದ್ಯದ ಮುಂದೆ ಕೂಡ್ರಲು ಬೇಸರವಾಗಿ ನಾನು ತಪ್ಪಿಸಿಕೊಳ್ಳುತ್ತಿದ್ದೆ. ತಂದೆಯವರು, “ಮೈಗಳ್ಳ” ಎಂದರು. ಅವರು ಕೊನೆಯವರೆಗೂ ಹಾಗೆಯೇ ನಂಬಿದ್ದರು, ನಾನೂ ನಂಬಿದ್ದೆ. ಈಗ ಎಲ್ಲ ಅಪರಾಧವನ್ನೂ ಕುದುರೆಯ ಮೇಲೆ ಹೊರಿಸಿ ಪಾರಾಗುವುದು ಸರಿಯಲ್ಲ, ನಾನು ಮೈಗಳ್ಳನೂ ಆಗಿದ್ದೆ. ಆದರೆ ಅರ್ಧ ತಪ್ಪಿಗೆ ಪೂರ್ತಿ ಶಿಕ್ಷೆ ಅನುಭವಿಸಿದೆನೆಂದು ಅಂದು ತಿಳಿಯಿತು. ತಮ್ಮನ ಮಗಳಿಗೆ ಅಷ್ಟು ವರ್ಷ ಕಾಯುವ ಪ್ರಸಂಗ ಬರಬಾರದೆಂದು, ಹಬ್ಬ ಮುಗಿದ ವಾರದಲ್ಲಿಯೇ ಅವಳನ್ನೂ ಗೆಳೆಯನನ್ನೂ ಕರೆದುಕೊಂಡು ಬೆಳಗಾವಿಗೆ ಹೊರಟೆ.

ಅಂಗಡಿಯಲ್ಲಿ ಅವನು ನಡೆಸಿದ ಪರೀಕ್ಷೆಯನ್ನು ಕ್ರಮವಾಗಿ ಹೇಳುತ್ತೇನೆ. ಗಿಟಾರು ನುಡಿಸಲು ಬಾರದವರೂ ಇದನ್ನು ಮಾಡಬಹುದು.

ಮೊದಲು ಕತ್ತಿನ ನೆಟ್ಟಗೆ. ತಲೆಯ ಕಡೆಯಿಂದ ಕಣ್ಣು ಹಾಯಿಸಿದರೆ ಮೆಟ್ಟಿಲುಗಳು, ಎಂದರೆ ಫ್ರೆಟ್ಟುಗಳು, ತಿರುಚಿಲ್ಲದೆ ಒಂದೇ ಸಾಲಿನಲ್ಲಿ ಕಾಣಬೇಕು. ಮೊದಲನೆಯ ಮತ್ತು ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದರೆ ಏಳನೆಯ ಮೆಟ್ಟಿಲಿನ ಬಳಿ ದಪ್ಪ ಕಾಗದ ತೂರುವಷ್ಟೇ ಸಂದು ಇರಬೇಕು.

ಎರಡನೆಯದು ಅಳತೆ. ತಂತಿಯ ಉದ್ದದ ಸರಿಯಾಗಿ ಅರ್ಧದಲ್ಲಿ ಹನ್ನೆರಡನೆಯ ಮೆಟ್ಟಿಲು ಬರಬೇಕು. ಅಲ್ಲಿ ಒತ್ತಿದರೆ ತಾರಷಡ್ಜ ನುಡಿಯುತ್ತದೆ. ಸಾಮಾನ್ಯವಾದ ೬೫೦ ಮಿಲಿಮೀಟರಿನ ಗಿಟಾರಿನಲ್ಲಿ ಆ ಮೆಟ್ಟಿಲು ೩೨೫ಕ್ಕೆ ಇರುತ್ತದೆ. ಕುದುರೆಯ ಕಡೆಯ ಅರ್ಧ ಎರಡು ಮೂರು ಮಿಲಿಮೀಟರ್ ಹೆಚ್ಚಿದ್ದರೆ ದೋಷವಲ್ಲ, ತಂತಿ ಒತ್ತಿದಾಗ ಏರುವ ಸ್ವರವನ್ನು ಸರಿದೂಗಿಸಲು ಬೇಕೆಂದೇ ಹಾಗೆ ಇಡುತ್ತಾರೆ. ಪ್ರತಿಯೊಂದು ಮೆಟ್ಟಿಲೂ ಉಳಿದ ಉದ್ದದ ಸುಮಾರು ಹದಿನೆಂಟನೆಯ ಒಂದು ಪಾಲಿನಷ್ಟು ದೂರದಲ್ಲಿ ಬರುತ್ತದೆಂದು ನಾನು ಓದಿ ಹೇಳಿದಾಗ, ಗೆಳೆಯ ಮನಸ್ಸಿನಲ್ಲೇ ಗುಣಿಸಿ, ಪಟ್ಟಿ ಹಿಡಿದು, “ಬರೋಬರಿ ಐತಿ” ಎಂದ.

ಮೂರನೆಯದು ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಉಕ್ಕಿನ ತಂತಿಗೆ ಎರಡರಿಂದ ಎರಡೂವರೆ ಮಿಲಿಮೀಟರ್, ನೈಲಾನ್ ತಂತಿಗೆ ಮೂರರಿಂದ ನಾಲ್ಕು. ಇದಕ್ಕಿಂತ ಬಹಳ ಹೆಚ್ಚಾದರೆ ಮಗುವಿನ ಬೆರಳಿಗೆ ಶಿಕ್ಷೆ. ಬಹಳ ಕಡಿಮೆಯಾದರೆ ತಂತಿ ಮೆಟ್ಟಿಲಿಗೆ ತಾಗಿ ಝರ್ರೆನ್ನುತ್ತದೆ. ಇಡೀ ಅಂಕಣದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಡಿರಿ.

ಆಮೇಲೆ ಕೈಪರೀಕ್ಷೆ. ಕತ್ತಿನ ಅಂಚಿನುದ್ದಕ್ಕೂ ಅಂಗೈ ಸವರಿದರೆ ಮೆಟ್ಟಿಲಿನ ತುದಿಗಳು ಚುಚ್ಚಬಾರದು. ಕುದುರೆಯ ಹಿಂಬದಿಗೆ ಕಾಗದದ ಚೂರು ನುಸುಳಬಾರದು. ನುಸುಳಿದರೆ ಅಂಟು ಬಿಡುತ್ತಿದೆ ಎಂದರ್ಥ. ಬೆನ್ನನ್ನೂ ಮುಖದ ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿದರೆ ಒಳಗೆ ಏನೂ ಗಿಲಿಗಿಲಿ ಎನ್ನಬಾರದು. ಬಿರಡೆಗಳು ಸಡಿಲಾಗಲಿ ಜಿಗುಟಾಗಲಿ ಆಗದೆ ಒಂದೇ ಹದದಲ್ಲಿ ತಿರುಗಬೇಕು. ಕೊನೆಗೆ ಅಂಗಡಿಯವರಿಗೆ ಹೇಳಿ ಆರೂ ತಂತಿಗಳನ್ನು ಶ್ರುತಿ ಮಾಡಿಸಿ, ಒಂದೊಂದು ತಂತಿಯನ್ನು ಒಂದೊಂದು ಮೆಟ್ಟಿಲಿನಲ್ಲಿ ನುಡಿಸಿ ಕೇಳಬೇಕು. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಒಳ್ಳೆಯ ಅಂಗಡಿಯವನು ಬೇಸರಿಸುವುದಿಲ್ಲ.

ನೈಲಾನೋ ಉಕ್ಕೋ ಎಂಬುದು ಮುಂದಿನ ಪ್ರಶ್ನೆ. ನೈಲಾನ್ ತಂತಿಯ ಗಿಟಾರಿನ ಕತ್ತು ಅಗಲ, ಸುಮಾರು ೫೨ ಮಿಲಿಮೀಟರ್, ತಂತಿಯ ಎಳೆತ ಉಕ್ಕಿನದರ ಸುಮಾರು ಅರ್ಧ, ನಾದ ಮೃದು. ಬೆರಳಿಗೆ ಹಿತ. ಉಕ್ಕಿನ ತಂತಿಯದು ಸುಮಾರು ೪೩ ಮಿಲಿಮೀಟರ್, ನಾದ ಗಟ್ಟಿ, ಸಿನಿಮಾ ಹಾಡು, ಭಾವಗೀತೆಗಳ ಜೊತೆಗೆ ನುಡಿಸಲು ಒಪ್ಪುತ್ತದೆ. ಚಿಕ್ಕ ಕೈಗೆ ಕಿರಿದಾದ ಕತ್ತು ಅನುಕೂಲ, ಮೆತ್ತಗಿನ ಬೆರಳಿಗೆ ನೈಲಾನ್ ಅನುಕೂಲ. ಆದುದರಿಂದ ಮಗುವಿನ ತೊಡೆಯ ಮೇಲಿಟ್ಟು ನೋಡದೆ ತೀರ್ಮಾನಿಸಲಾಗದು. ಹತ್ತು ವರ್ಷದೊಳಗಿನವರಿಗೆ ಮುಕ್ಕಾಲು ಅಳತೆಯ ಗಿಟಾರು ಸಿಗುತ್ತದೆ. ವಿದ್ಯುತ್ ಗಿಟಾರಿಗೆ ಧ್ವನಿವರ್ಧಕದ ಖರ್ಚೂ ನೆರೆಹೊರೆಯವರ ಒಪ್ಪಿಗೆಯೂ ಬೇಕಾಗುವುದರಿಂದ ಅದನ್ನು ಈಗ ಬಿಡೋಣ. ಬೆಲೆಯ ಮಟ್ಟಿಗೆ, ಆರರಿಂದ ಹತ್ತು ಸಾವಿರ ರೂಪಾಯಿಯೊಳಗೆ ಕಲಿಯುವವರಿಗೆ ತಕ್ಕ ವಾದ್ಯ ದೊರೆಯುತ್ತದೆ. ಮುಖದ ಹಲಗೆ ಪದರಪದರದ್ದಾಗಿರದೆ ಒಂದೇ ಹಲಗೆಯದಾದರೆ ನಾದ ಮೇಲು, ಬೆಲೆಯೂ ಮೇಲು. ಮೊದಲ ವರ್ಷಕ್ಕೆ ಅದು ಅವಶ್ಯವಲ್ಲ. ನಾವು ಕೊಂಡದ್ದು ಏಳು ಸಾವಿರದ, ಬಣ್ಣವಿಲ್ಲದ, ನೈಲಾನ್ ತಂತಿಯ ಗಿಟಾರು. ಹುಡುಗಿ ಅದನ್ನು ಒತ್ತಿ ನುಡಿಸಿದಾಗ ಒಮ್ಮೆಲೇ ತಲೆ ಎತ್ತಿ, “ಕಾಕಾ, ಇದರಾಗ ಸ್ವರ ಸರಿ ಬಂತ್ರಿ!” ಎಂದಳು.

ಮನೆಯಲ್ಲಿ ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಈ ಸಲ ನಾನೇ ಉತ್ತರ ಕೊಟ್ಟೆ: ಬಿಸಿಲು ಬೀಳದ ಒಳಗೋಡೆಯ ಪಕ್ಕದಲ್ಲಿ, ಚೀಲದೊಳಗೆ. ನಮ್ಮ ಸೀಮೆಯ ಚೈತ್ರ ವೈಶಾಖದ ಒಣ ಬಿಸಿಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ. ತಗಡಿನ ಮಾಡಿನ ಅಟ್ಟ, ಬಿಸಿಲಲ್ಲಿ ನಿಂತ ಮೋಟಾರು, ಒಲೆಯ ಗೋಡೆ, ಇವು ಮೂರೂ ವಾದ್ಯಕ್ಕೆ ಶತ್ರುಗಳು.

ಇನ್ನು ಅಭ್ಯಾಸ. ಮೊದಲ ತಿಂಗಳಾದರೂ ಒಬ್ಬ ಶಿಕ್ಷಕರ ಕಣ್ಣಿಗೆ ಬೀಳುವುದು ಒಳ್ಳೆಯದು. ಸ್ಪೇನಿನ ಆಂಡ್ರೆಸ್ ಸೆಗೋವಿಯಾ ಬಹುಮಟ್ಟಿಗೆ ತಾನೇ ಕಲಿತು ಜಗದ್ವಿಖ್ಯಾತನಾದನೆಂಬುದು ನಿಜ. ಆದರೆ ಎಲ್ಲರ ಮಣಿಕಟ್ಟೂ ಸೆಗೋವಿಯಾನದಲ್ಲ. ವಿಡಿಯೋ ನೋಡಿ ಕಲಿಯುವಾಗ ನಾವು ಅವರನ್ನು ನೋಡುತ್ತೇವೆ, ಅವರು ನಮ್ಮನ್ನು ನೋಡುವುದಿಲ್ಲ. ಹುಡುಗಿ ಹದಿನೈದು ದಿನಕ್ಕೊಮ್ಮೆ ಸವದತ್ತಿಗೆ ಹೋಗಿ ಒಬ್ಬರಿಗೆ ಕೈ ತೋರಿಸಿ ಬರುತ್ತಿದ್ದಳು.

ತಮ್ಮನೊಡನೆ ಆದ ಒಪ್ಪಂದ ದಿನಕ್ಕೆ ಇಪ್ಪತ್ತು ನಿಮಿಷ. ಸಂಜೆ ದೀಪ ಹಚ್ಚುವ ಮೊದಲು ಹತ್ತು, ಊಟವಾದ ಮೇಲೆ ಹತ್ತು. ಭಾನುವಾರ ಎರಡು ತಾಸು ನುಡಿಸಿ ಉಳಿದ ಆರು ದಿನ ಮುಟ್ಟದಿರುವುದಕ್ಕಿಂತ ಈ ಇಪ್ಪತ್ತು ನಿಮಿಷ ಎಷ್ಟೋ ಮೇಲು. ಬೆರಳ ತುದಿಯ ಚರ್ಮ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಉರಿದಾಗ ನಿಲ್ಲಿಸಬೇಕು, ಒದ್ದೆಕೈಯಲ್ಲಿ ನುಡಿಸಬಾರದು, ಎಡಗೈಯ ಉಗುರು ಬೆಳೆಯಗೊಡಬಾರದು. ಬೆರಳನ್ನು ಮೆಟ್ಟಿಲಿನ ಮೇಲೆ ಅಲ್ಲ, ಅದರ ಬೆನ್ನಿಗೆ ಹತ್ತಿಸಿ ಹಿಂದೆ ಒತ್ತಬೇಕು. ಆಗ ಅರ್ಧ ಬಲದಲ್ಲಿ ನಾದ ತಿಳಿಯಾಗಿ ಬರುತ್ತದೆ.

ಪ್ರತಿದಿನ ಮೊದಲ ಕೆಲಸ ಶ್ರುತಿ. ದಪ್ಪ ತಂತಿಯಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ, ಬಿ, ಇ. ಈಗ ಮೊಬೈಲಿನಲ್ಲಿಯೇ ಶ್ರುತಿ ತೋರಿಸುವ ಸಾಧನವಿರುವುದರಿಂದ ಇದು ಕಷ್ಟವಲ್ಲ. ಆದರೆ ಮೊದಲು ಕಿವಿಯಿಂದ ಪ್ರಯತ್ನಿಸಿ ಆಮೇಲೆ ಮೊಬೈಲಿಗೆ ತೋರಿಸಿದರೆ ಕಿವಿಯೂ ಬೆಳೆಯುತ್ತದೆ.

ಎರಡನೆಯದು ಸರಿಗಮ. ನಮ್ಮ ಮನೆಗಳ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ತಿಳಿಯದಿದ್ದರೂ ಚಿಂತೆಯಿಲ್ಲ. ಐದನೆಯ ತಂತಿಯ ಮೂರನೆಯ ಮೆಟ್ಟಿಲನ್ನು ಸಾ ಎಂದು ತಿಳಿಯಿರಿ. ನಾಲ್ಕನೆಯ ತಂತಿಯನ್ನು ಬಿಟ್ಟು ನುಡಿಸಿದರೆ ರಿ, ಅದರ ಎರಡನೆಯ ಮೆಟ್ಟಿಲು ಗ, ಮೂರನೆಯದು ಮ. ಮೂರನೆಯ ತಂತಿಯನ್ನು ಬಿಟ್ಟು ನುಡಿಸಿದರೆ ಪ, ಅದರ ಎರಡನೆಯ ಮೆಟ್ಟಿಲು ಧ. ಎರಡನೆಯ ತಂತಿ ಬಿಟ್ಟರೆ ನಿ, ಅದರ ಮೊದಲನೆಯ ಮೆಟ್ಟಿಲು ಮೇಲಿನ ಸಾ. ಬಿಲಾವಲ್ ಥಾಟಿನ ಏಳು ಸ್ವರಗಳೂ ಮೂರೇ ಮೆಟ್ಟಿಲುಗಳೊಳಗೆ ಸಿಕ್ಕವು. ನಿಮಿಷಕ್ಕೆ ೬೦ ತಟ್ಟಿನ ವಿಳಂಬದಲ್ಲಿ, ತಟ್ಟಿಗೊಂದು ಸ್ವರದಂತೆ ಏರಿ ಇಳಿಯಬೇಕು. ಹಾರ್ಮೋನಿಯಂ ಕಲಿಯುವವರ ಅಲಂಕಾರಗಳನ್ನೆಲ್ಲ ಇದರಲ್ಲಿ ಸಾಧಿಸಬಹುದು.

ಮೂರನೆಯದು ಸ್ವರಮೇಳ, ಎಂದರೆ ಕಾರ್ಡು. ಇ ಮೈನರ್ ಮತ್ತು ಎ ಮೈನರ್ ಎರಡನ್ನೇ ಹಿಡಿದು, ಒಂದರಿಂದ ಇನ್ನೊಂದಕ್ಕೆ ಒಂದು ನಿಮಿಷದಲ್ಲಿ ಎಷ್ಟು ಸಲ ತಪ್ಪಿಲ್ಲದೆ ಬದಲಿಸಬಹುದೆಂದು ಎಣಿಸಬೇಕು. ಹುಡುಗಿ ಇದಕ್ಕೊಂದು ನೋಟುಬುಕ್ಕು ಇಟ್ಟಳು. ಮೊದಲ ದಿನ ಆರು. ಎರಡನೆಯ ವಾರ ಹದಿನಾಲ್ಕು. ಐದನೆಯ ವಾರವೂ ಹದಿನಾಲ್ಕೇ.

ಈ ಐದನೆಯ ವಾರವನ್ನು ತಾಯಿತಂದೆಯರು ಗಮನಿಸಬೇಕು. ಹೊಸತನದ ಉತ್ಸಾಹ ಇಳಿದಿರುತ್ತದೆ, ಹಾಡೊಂದು ನುಡಿಯುವಷ್ಟು ಕೈ ಬಂದಿರುವುದಿಲ್ಲ. “ಒಂದು ಹಾಡು ಬಾರಿಸು ನೋಡೋಣ” ಎಂದು ಬಂದ ನೆಂಟರ ಮುಂದೆ ಮಗುವನ್ನು ಕೂಡ್ರಿಸುವುದು ಈ ಹೊತ್ತಿನಲ್ಲಿ ದೊಡ್ಡ ಕ್ರೌರ್ಯ. ಅವಳು ನನಗೆ ಫೋನು ಮಾಡಿ ಅಳುದನಿಯಲ್ಲಿ, “ದೊಡ್ಡಪ್ಪಾ, ಈ ಸಲ ಗಿಟಾರು ಚೊಲೋ ಐತಿ. ಹಂಗಾರ ತಪ್ಪು ನಂದಽ ಅಲ್ಲೇನ್ರಿ?” ಎಂದಳು. ವಾದ್ಯ ಚೆನ್ನಾಗಿದ್ದರೆ ನೆಪ ಉಳಿಯುವುದಿಲ್ಲವೆಂಬ ಭಯ ನನಗೆ ಹೊಳೆದಿರಲಿಲ್ಲ. ಈ ಸಲ ನಾನು ಉಪದೇಶ ಮಾಡಲಿಲ್ಲ. ನನ್ನ ಸಿತಾರಿನ ಕಥೆಯನ್ನು ಪೂರ್ತಿಯಾಗಿ ಹೇಳಿದೆ. ಮೈಗಳ್ಳತನದ ಅರ್ಧವನ್ನೂ ಬಿಡದೆ ಹೇಳಿದೆ. ಆಮೇಲೆ, “ಹದಿನಾಲ್ಕಾದರೆ ಹದಿನಾಲ್ಕೇ ಬರಿ. ನಾಳೆಯೂ ಬರಿ” ಎಂದೆ. ಅವಳು ಬರೆದಳು. ಏಳನೆಯ ವಾರ ಹತ್ತೊಂಬತ್ತು, ಹತ್ತನೆಯ ವಾರ ಮೂವತ್ತು. ನಡುವೆ ಏನು ಬದಲಾಯಿತೆಂದು ಅವಳಿಗೂ ತಿಳಿಯದು. ಕೈಗೆ ತಿಳಿದದ್ದು ತಲೆಗೆ ತಡವಾಗಿ ತಿಳಿಯುತ್ತದೆಂದು ಬಡಿಗ ಗೆಳೆಯನ ಅಭಿಪ್ರಾಯ.

ಗಿಟಾರಿನ ಮೆಟ್ಟಿಲು ಸ್ವರವನ್ನು ಕಟ್ಟಿಹಾಕುತ್ತದೆ, ನಮ್ಮ ಸಂಗೀತದ ಮೀಂಡು ಗಮಕಗಳು ಅದರಲ್ಲಿ ಬರುವವೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ಸರಿಯಾದುದೇ. ಆದುದರಿಂದಲೇ ಬ್ರಿಜಭೂಷಣ ಕಾಬ್ರಾ ಅವರು ಗಿಟಾರನ್ನು ಅಡ್ಡ ಮಲಗಿಸಿ, ಹವಾಯಿ ದ್ವೀಪದವರಂತೆ ಉಕ್ಕಿನ ಕೋಲನ್ನು ತಂತಿಯ ಮೇಲೆ ಜಾರಿಸಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಇನ್ನಷ್ಟು ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿಕೊಂಡು ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಆ ದಾರಿ ಮುಂದಿನದು. ಮೊದಲು ಸಾ ನೆಟ್ಟಗೆ ನಿಲ್ಲಲಿ.

ಕಳೆದ ದೀಪಾವಳಿಗೆ ಮತ್ತೆ ಸಿರಸಂಗಿಗೆ ಹೋಗಿದ್ದೆ. ಹಬ್ಬದ ರಾತ್ರಿ ಅವ್ವ ಗೋಡೆಗೆ ಒರಗಿ ಕುಳಿತು ಬೀಸುವ ಕಲ್ಲಿನ ಹಾಡೊಂದನ್ನು ತನ್ನಷ್ಟಕ್ಕೆ ಗುಣುಗುತ್ತಿದ್ದಳು. ಕಲ್ಲು ಹೋಗಿ ಮಿಕ್ಸರು ಬಂದು ಎಷ್ಟೋ ವರ್ಷಗಳಾದರೂ ಹಾಡು ಅವಳ ಬಾಯಲ್ಲಿ ಉಳಿದಿದೆ. ಹುಡುಗಿ ಗಿಟಾರು ತಂದು ಸಮೀಪ ಕುಳಿತು, ಅಜ್ಜಿಯ ಸಾ ಯಾವುದೆಂದು ಹುಡುಕಿದಳು. ಮೆಟ್ಟಿಲಿಗೆ ಅಡ್ಡಲಾಗಿ ಕಚ್ಚಿಸುವ ಕ್ಯಾಪೊ ಎಂಬ ಚಿಮಟವನ್ನು ಎರಡನೆಯ ಮೆಟ್ಟಿಲಿಗೆ ಹಾಕಿದಳು. ಮೂರನೆಯ ತಂತಿ ಅಜ್ಜಿಯ ಸಾ ಆಯಿತು, ನಾಲ್ಕನೆಯದು ಪ. ಬೇರೇನನ್ನೂ ನುಡಿಸದೆ ಅವೆರಡನ್ನೇ, ತಂಬೂರಿಯಂತೆ, ಒಂದಾದ ಮೇಲೊಂದು ಮಿಡಿಯುತ್ತ ಹೋದಳು.

ಅವ್ವ ಹಾಡನ್ನು ನಿಲ್ಲಿಸಿ ಒಮ್ಮೆ ಅವಳ ಕೈಯನ್ನು ನೋಡಿದಳು. “ಡಬ್ಬಿ ಚೊಲೋ ಗುಂಯ್ ಅಂತೈತಿ ತಂಗಿ. ಬಿಡಬ್ಯಾಡ, ಹಿಡಿ” ಎಂದು, ಮೊದಲಿಗಿಂತ ತುಸು ದೊಡ್ಡ ದನಿಯಲ್ಲಿ ಹಾಡನ್ನು ಮೊದಲಿನಿಂದ ಎತ್ತಿದಳು. ತಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಇಪ್ಪತ್ತು ನಿಮಿಷ ಯಾವಾಗಲೋ ದಾಟಿತ್ತು. ಅವನು ಗಡಿಯಾರ ನೋಡಲಿಲ್ಲ.

ಸಿತಾರು ಈಗ ಅಟ್ಟದಲ್ಲಿಲ್ಲ. ಜವಾರಿ ತೆಗೆಸಲು ಮಿರಜಕ್ಕೆ ಕಳಿಸಿದ್ದೇನೆ. ಅರವತ್ತು ದಾಟಿದ ಮೇಲೆ ಬೆರಳ ಚರ್ಮ ಗಟ್ಟಿಯಾಗಲು ಎಷ್ಟು ವಾರ ಬೇಕೆಂಬುದನ್ನು, ನೋಟುಬುಕ್ಕಿನ ಲೆಕ್ಕದ ಸಮೇತ, ಮುಂದೊಂದು ವಾರ ತಿಳಿಸುವೆ.